ಬೆಡ್‌ಶೀಟಿನ ಆ ಕಡೆ ತುದಿ

ನಾನು ರಿಟೈರಾದ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ನಮ್ಮ ದೊಡ್ಡ ಡಾಕ್ಟ್ರು ಮೈಕ್ ಹಿಡ್ಕೊಂಡು "ಸಿಸ್ಟರ್ ಅಂದ್ರೆ ದೇವತೆ" ಅಂದ್ರು. ಎಲ್ಲಾರೂ ಚಪ್ಪಾಳೆ ತಟ್ಟಿದ್ರು. ಅಯ್ಯೋ ಪುಣ್ಯಾತ್ಮ, ನೀನು ಕ್ಯಾಲೆಂಡರಲ್ಲಿ ನೋಡಿರೋ ದೇವತೆಗೆ ನಾಲ್ಕು ಕೈ ಇರ್ತವೆ, ಎಂಟು ಕೈ ಇರ್ತವೆ, ನಮಗೆ ಇರೋದು ಎರಡೇ ಕಣಪ್ಪಾ, ಅಂತ ಬಾಯಿ ತುದಿಗೆ ಬಂದಿತ್ತು. ಶಾಲು ಹೊದ್ದ ಮೇಲೆ ಜಗಳ ಆಡಬಾರದು ಅಂತ ಸುಮ್ಮನಾದೆ.

ಈಗ ಯಾಕೆ ಇದನ್ನೆಲ್ಲ ಬರೀತಿದೀನಿ ಅಂದ್ರೆ, ನಮ್ಮ ಬೀದಿ ಕೊನೆ ಮನೆ ಹುಡುಗಿ ಸಹನಾ ನರ್ಸಿಂಗ್ ಮುಗಿಸಿದಾಳೆ. ಇನ್ನೇನು ಕೆಲಸಕ್ಕೆ ಸೇರ್ತಾಳೆ. ಮೊನ್ನೆ ಸ್ವೀಟ್ ಕೊಡೋಕೆ ಬಂದವಳು, "ಆಂಟಿ, ಆಸ್ಪತ್ರೇಲಿ ಸಿಸ್ಟರ್‌ಗಳು ಪೇಷಂಟನ್ನ ಸರಿಯಾಗಿ ನೋಡ್ಕೊಳ್ಳಲ್ಲ ಅಂತಾರಲ್ಲ, ನಿಜಾನಾ?" ಅಂದ್ಳು. ನಿಜ ಕಣೇ ಅಂದೆ. ಪಾಪ, ಹುಡುಗಿ ಮುಖ ಸಪ್ಪಗಾಯ್ತು. ನಾನು "ಇಲ್ಲಮ್ಮ, ಎಲ್ಲಾ ಸುಳ್ಳು" ಅಂತೀನಿ ಅಂದ್ಕೊಂಡಿದ್ಳು. ಸುಳ್ಳು ಹೇಳಿ ಕಳಿಸಿದ್ರೆ ಅವಳು ಅಲ್ಲಿಗೆ ಹೋಗಿ ಮೊದಲನೇ ವಾರದಲ್ಲೇ ಅಳ್ತಾಳೆ. ಅದಕ್ಕಿಂತ ಈಗಲೇ ಗೊತ್ತಿರ್ಲಿ.

ಮೊದಲು ಒಂದು ವಿಷಯ ತಿಳ್ಕೋ ಸಹನಾ. ಸಿಸ್ಟರ್ ಯಾವತ್ತೂ ಇಂಜೆಕ್ಷನ್ ಬಿಡಲ್ಲ. ಡ್ರಿಪ್ ಬಿಡಲ್ಲ, ಬಿಪಿ ನೋಡೋದು ಬಿಡಲ್ಲ. ಅದನ್ನ ಡಾಕ್ಟ್ರು ಕೇಳ್ತಾರೆ, ಕಂಪ್ಯೂಟರ್ ಕೇಳುತ್ತೆ, ಪೇಷಂಟ್ ಕಡೆಯೋರೂ ಕೇಳ್ತಾರೆ. ನಾವು ಬಿಡೋದು ಯಾರೂ ಕೇಳದೇ ಇರೋದನ್ನ. ಎದ್ದೇಳೋಕಾಗದೋರ ಮಗ್ಗುಲು ಬದಲಾಯಿಸೋದು, ಬಾಯಿ ತೊಳೆಸೋದು, ಕೂರಿಸಿ ನಿಧಾನಕ್ಕೆ ಗಂಜಿ ಕುಡಿಸೋದು, ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸೋದು, ಮನೆಗೆ ಹೋಗೋರ ಹತ್ರ ಕೂತು ಯಾವ ಮಾತ್ರೆ ಯಾವಾಗ ಅಂತ ಹೇಳೋದು. ಇವತ್ತು ಬಿಟ್ರೆ ಇವತ್ತು ಏನೂ ಆಗಲ್ಲ. ಅದೇ ಅದರ ಕಷ್ಟ. ಆಗೋದು ಮುಂದಿನ ವಾರ, ಆಗ ಡ್ಯೂಟೀಲಿ ಬೇರೆ ಯಾರೋ ಇರ್ತಾರೆ.

ನಾನು ಕೆಲಸಕ್ಕೆ ಸೇರಿದಾಗ ನಮಗೆ ಒಬ್ರು ಮೇಟ್ರನ್ ಇದ್ರು, ಫಿಲೋಮಿನಾ ಅಂತ. ಕುಳ್ಳಗೆ, ದಪ್ಪಗೆ, ಬಾಯಿ ಮಾತ್ರ ಮೈಸೂರು ತನಕ ಕೇಳಿಸ್ತಿತ್ತು. ಆಯಮ್ಮ ರೌಂಡ್ಸ್‌ಗೆ ಬಂದ್ರೆ ನಾವು ಬರೆದಿದ್ದನ್ನ ನೋಡ್ತಿರ್ಲಿಲ್ಲ. ಸೀದಾ ಪೇಷಂಟ್ ಹತ್ರ ಹೋಗಿ, ಅವರ ಬೆನ್ನಿನ ಕೆಳಗೆ ಕೈ ತೂರಿಸ್ತಿದ್ರು. ಒದ್ದೆ ಇದೆಯಾ, ಬಿಸಿ ಇದೆಯಾ, ಶೀಟು ಮುದುರಿದೆಯಾ, ಕೈಗೇ ಗೊತ್ತಾಗ್ತಿತ್ತು. ಕೈ ಹೊರಗೆ ತೆಗೆದು ನಮ್ಮ ಮುಖ ನೋಡಿದ್ರೆ ಸಾಕು, ಅವತ್ತು ನಮ್ಮ ಕಥೆ ಮುಗೀತು. ಒಂದ್ಸಲ ನಾನು "ಮೇಡಂ, ಬೆಳಗ್ಗೆ ತಾನೆ ಬದಲಾಯಿಸಿದ್ದೆ" ಅಂದೆ. "ನಿನ್ನ ಬೆಳಗ್ಗೆ ಬೇಡ ಕಣೇ, ಈ ಯಜಮಾನ್ರ ಬೆನ್ನು ಈಗ ಏನು ಹೇಳ್ತಿದೆ ಅದು ಹೇಳು" ಅಂದಿದ್ರು. ಅವರನ್ನ ಕಂಡ್ರೆ ನಮಗೆ ಆಗ್ತಿರ್ಲಿಲ್ಲ. ಈಗ ಅನ್ನಿಸುತ್ತೆ, ಅಂಥೋರು ಒಬ್ಬರು ಇದ್ದಿದ್ರೆ ಸಾಕಾಗಿತ್ತು.

ಆದ್ರೆ ಒಂದು ಮಾತು ಹೇಳ್ಬೇಕು. ಆಯಮ್ಮ ಬೈದ್ರೂ ನ್ಯಾಯ ಇತ್ತು, ಯಾಕಂದ್ರೆ ಆಗ ನಾವು ಜೋಡಿಯಾಗಿ ಹೋಗ್ತಿದ್ವಿ. ಒಬ್ಬಳು ಮಂಚದ ಈ ಕಡೆ, ಇನ್ನೊಬ್ಬಳು ಆ ಕಡೆ. ಪೇಷಂಟ್ ಕೆಳಗೆ ಅಡ್ಡಕ್ಕೆ ಮಡಿಸಿದ ಒಂದು ಬೆಡ್‌ಶೀಟ್ ಹಾಸಿರ್ತಿದ್ವಿ. ಇಬ್ಬರೂ ಒಂದೊಂದು ತುದಿ ಹಿಡ್ಕೊಂಡು ಎಳೆದ್ರೆ ಎಂಥಾ ದಪ್ಪ ಮನುಷ್ಯನೂ ಮಗ್ಗುಲಾಗ್ತಿದ್ದ. ಫಸ್ಟ್ ಇಯರಲ್ಲಿ ಕಲಿಸೋ ಪಾಠ ಅದು, ದೊಡ್ಡ ವಿದ್ಯೆ ಏನಲ್ಲ. ಆಮೇಲೆ ಟ್ರೈನಿಂಗ್ ಹುಡುಗೀರು ಬರೋದು ನಿಂತೋಯ್ತು. ರಿಟೈರಾದೋರ ಜಾಗ ಖಾಲಿನೇ ಉಳೀತು. ವಾರ್ಡಿಗೆ ಒಬ್ಬಳೇ ಸಿಸ್ಟರ್ ಆದ್ಲು. ಆ ಒಬ್ಬಳ ಹತ್ರ ಒಂದು ಕಂಪ್ಯೂಟರ್ ಬಂತು. ಆಮೇಲೆ ಮೊಬೈಲಲ್ಲಿ ಫೋಟೋ ಕಳಿಸೋದು ಬಂತು. ಕೈ ತೊಳೆಯೋ ದಿನದ ಫೋಟೋ, ಗಿಡ ನೆಟ್ಟ ಫೋಟೋ, ಬ್ಯಾನರ್ ಹಿಡ್ಕೊಂಡ ಫೋಟೋ. ಪೇಷಂಟ್ ಬೆನ್ನಿನ ಫೋಟೋ ಮಾತ್ರ ಇವತ್ತಿನ ತನಕ ಯಾರೂ ಕೇಳಿಲ್ಲ.

ಹಾಗಾದ್ರೆ ಬಿಟ್ಟು ಹೋದ ಕೆಲಸ ಎಲ್ಲಿಗೆ ಹೋಯ್ತು? ಅಟೆಂಡರ್ ತಲೆಗೆ. ನಮ್ಮ ಕಡೆ ಪೇಷಂಟ್ ಜೊತೆ ಇರೋ ಮನೆಯೋರನ್ನ ಅಟೆಂಡರ್ ಅಂತೀವಿ. ಅಡ್ಮಿಷನ್ ಮಾಡೋವಾಗ ನಾವು ಕೇಳೋ ಮೊದಲನೇ ಪ್ರಶ್ನೆ ಖಾಯಿಲೆ ಏನು ಅಂತ ಅಲ್ಲ, "ಜೊತೇಲಿ ಯಾರಿರ್ತೀರಾ?" ಅಂತ. ಯಾರೋ ಒಬ್ಬರು "ನಾನಿರ್ತೀನಿ ಸಿಸ್ಟರ್" ಅಂದ್ರೆ ನಮಗೆ ಅರ್ಧ ಭಾರ ಇಳೀತು. ನೀರು ಕುಡಿಸ್ರಮ್ಮ, ಬಾಯಿ ಒರೆಸ್ರಮ್ಮ, ಮಗ್ಗುಲು ತಿರುಗಿಸ್ರಮ್ಮ. ಹೇಳಿದ್ದಾಯ್ತು ಅಂದ್ರೆ ಕೆಲಸ ಆಯ್ತು ಅಂತ ಲೆಕ್ಕ.

ಈ ಲೆಕ್ಕ ಒಂದ್ಸಲ ಎಷ್ಟು ತಪ್ಪಿತು ಅಂದ್ರೆ, ಒಬ್ಬ ಒಳ್ಳೆ ಹುಡುಗಿ ಕೆಲಸಕ್ಕೇ ಕುತ್ತು ಬಂತು. ಅದನ್ನೇ ಹೇಳ್ತೀನಿ. ಆಸ್ಪತ್ರೆ ಹೆಸರು ಬೇಡ. ನೆಲಮಂಗಲವೋ ದೊಡ್ಡಬಳ್ಳಾಪುರವೋ ಅಂತ ಊಹೆ ಮಾಡ್ತಾ ಕೂರಬೇಡ, ಎಲ್ಲಾ ಕಡೆ ಇದೇ ಹಾಡು.

ಹುಡುಗಿ ಹೆಸರು ಪವಿತ್ರ. ಕಾಂಟ್ರ್ಯಾಕ್ಟ್ ಮೇಲೆ ಸೇರಿದ್ಳು, ಅಂದ್ರೆ ವರ್ಷ ವರ್ಷ ಮುಂದುವರಿಸಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಅರಿಶಿನಕುಂಟೆ ಕಡೆಯಿಂದ ಬಸ್ಸಲ್ಲಿ ಬರ್ತಿದ್ಳು. ಚುರುಕು, ಸ್ವಲ್ಪ ಬಾಯಾಳಿ. ನಾನು ಗಂಡಸರ ವಾರ್ಡಿನ ಇನ್‌ಚಾರ್ಜು, ಬೆಳಗಿನ ಪಾಳಿಗೆ ಅವಳು. ಡಾಕ್ಟ್ರ ರೌಂಡ್ಸಲ್ಲಿ ಜೊತೆಗೆ ಓಡಾಡಿ, ಔಷಧಿ ತರಿಸಿ, ಡ್ರಿಪ್ ಹಾಕಿ, ಕಂಪ್ಯೂಟರಿಗೆ ತುಂಬಿಸಿ, ನಡುವೆ ಯಾರಿಗೋ ಫಿಟ್ಸ್ ಬಂದ್ರೆ ಅಲ್ಲಿಗೆ ಓಡಿ, ಅವಳು ಟಿಫನ್ ಡಬ್ಬಿ ತೆಗೆಯೋ ಹೊತ್ತಿಗೆ ಚಿತ್ರಾನ್ನ ಒಣಗಿ ಕಲ್ಲಾಗಿರ್ತಿತ್ತು.

ಆ ವಾರ್ಡಿಗೆ ಬೂದಿಗೆರೆ ಕಡೆಯಿಂದ ಚನ್ನರಾಯಪ್ಪ ಅಂತ ಒಬ್ಬ ಯಜಮಾನ್ರು ಬಂದ್ರು. ಲಕ್ವ ಹೊಡೆದು ಬಲಗಡೆ ಕೈಕಾಲು ಬಿದ್ದೋಗಿತ್ತು, ಮಾತು ತೊದಲು. ಬೆಂಗಳೂರಿನ ದೊಡ್ಡಾಸ್ಪತ್ರೇಲಿ ಮೊದಲ ದಿನಗಳು ಕಳೆದು, "ಇನ್ನು ಚೆನ್ನಾಗಿ ನೋಡ್ಕೊಂಡ್ರೆ ಎದ್ದು ಓಡಾಡ್ತಾರೆ, ನಿಮ್ಮ ತಾಲ್ಲೂಕಾಸ್ಪತ್ರೆ ಸಾಕು" ಅಂತ ಕಳಿಸಿದ್ರು. ಚೆನ್ನಾಗಿ ನೋಡ್ಕೊಂಡ್ರೆ ಅನ್ನೋ ಮಾತು ಎಷ್ಟು ಸುಲಭ ನೋಡು. ಆಳು ಭಾರಿ ಎತ್ತರ, ಹೊಲದಲ್ಲಿ ದುಡಿದ ಮೈ. ಊರಲ್ಲಿ ನಾಲ್ಕು ಜನ ಮಾತು ಕೇಳೋ ಮನುಷ್ಯ. ಹೆಂಡತಿ ತೀರ್ಕೊಂಡಿದ್ರು. ಮಗ ನಾಗರಾಜ ಏರ್‌ಪೋರ್ಟ್ ಹತ್ರ ಗೋಡೌನಲ್ಲಿ ಕೆಲಸ, ಸಂಜೆಗೆ ಬರ್ತಿದ್ದ. ಹಗಲೆಲ್ಲ ಜೊತೇಲಿ ಇದ್ದದ್ದು ಸೊಸೆ ಮಂಜುಳಾ.

ಅಟೆಂಡರ್ ಅಂದ್ರೆ ಹಿಂಗಿರ್ಬೇಕು ಅಂತ ನಾವೆಲ್ಲ ಮಾತಾಡ್ಕೊಳ್ಳೋ ಹಾಗಿದ್ಲು ಆ ಹೆಂಗಸು. ಕೂಗಾಟ ಇಲ್ಲ, ಸಿಸ್ಟರ್ ಸಿಸ್ಟರ್ ಅಂತ ಬಾಗಿಲಿಗೆ ಬರೋದಿಲ್ಲ. ಬಿಸಿನೀರು ತರೋಳು, ಗಂಜಿ ತರೋಳು, ಮಾತ್ರೆ ಚೀಟಿ ಹಿಡ್ಕೊಂಡು ಓಡೋಳು. ಮಾವನ ಕಣ್ಣೆದುರಿಗೆ ಸ್ಟೂಲ್ ಮೇಲೂ ಕೂರ್ತಿರ್ಲಿಲ್ಲ, ಮಂಚದ ಕಾಲ್ದೆಸೆಗೆ ನೆಲದ ಮೇಲೆ ಕೂರ್ತಿದ್ಲು. ಪವಿತ್ರ ದಿನಾ ಡ್ರಿಪ್ ಬಾಟ್ಲಿ ಬದಲಾಯಿಸೋವಾಗ, "ಮಂಜುಳಮ್ಮ, ಮಗ್ಗುಲು ತಿರುಗಿಸಿದ್ರಾ?" ಅಂತ ಕೇಳೋಳು. "ಹೂಂ ಸಿಸ್ಟರ್" ಅನ್ನೋಳು. ಮುಂದಿನ ಮಂಚಕ್ಕೆ ಹೋದ್ಲು. ನಾನೂ ಆ ಹೂಂ ಕೇಳಿಸ್ಕೊಂಡಿದೀನಿ.

ಹಿಂಗೇ ದಿನ ಹೋಯ್ತು. ಆಮೇಲೆ ಮೇಲಿನೋರು ವಿಸಿಟ್‌ಗೆ ಬರ್ತಾರೆ ಅಂತ ಸುದ್ದಿ ಬಂತು. ಅಲ್ಲಿಂದ ಆಸ್ಪತ್ರೆಗೆ ಮದುವೆ ಮನೆ ಕಳೆ. ಗೋಡೆಗೆ ಸುಣ್ಣ, ಕುಂಡದಲ್ಲಿ ಗಿಡ, ದಿನಕ್ಕೊಂದು ಬಣ್ಣದ ಬೆಡ್‌ಶೀಟ್ ಹಾಕ್ಬೇಕು ಅಂತ ಆರ್ಡರು. ಅವರು ಬರೋ ದಿನದ್ದು ಹಸಿರು. ಹಸಿರು ಶೀಟು ಬೀರುವಿನಿಂದ ತೆಗೆದು, ಪೇಷಂಟ್‌ಗಳಿಗೆಲ್ಲ "ಅವರು ಬಂದು ಹೋಗೋ ತನಕ ಅಲ್ಲಾಡಬೇಡಿ, ಸುಕ್ಕಾಗುತ್ತೆ" ಅಂತ ಹೇಳಿ ಅಂದ್ರು ನಮ್ಮ ದೊಡ್ಡ ಡಾಕ್ಟ್ರು. ಕೆಟ್ಟ ಮನುಷ್ಯ ಅಲ್ಲ ಅವರು. ಆಪರೇಷನ್ ಕೈ ಚೆನ್ನಾಗಿತ್ತು, ಬಡವರಿಗೆ ಬೈತಿರ್ಲಿಲ್ಲ. ಆದ್ರೆ ಮೇಲಿನೋರು ಅಂದ್ರೆ ಅವರಿಗೆ ಕಾಲು ನಡುಗೋದು. ಅಲ್ಲಾ, ಪೇಷಂಟ್ ಅಲ್ಲಾಡಬಾರದು ಅಂತ ಹೇಳೋ ಆಸ್ಪತ್ರೇನ ಎಲ್ಲಾದ್ರೂ ಕೇಳಿದೀಯಾ? ನಾನು ಕೇಳಿದೀನಿ, ಅಲ್ಲೇ ಸಂಬಳ ತಗೊಂಡಿದೀನಿ.

ಶೀಟು ಬದಲಾಯಿಸೋಕೆ ಅಂತ ಅವತ್ತು ನಾನೂ ಪವಿತ್ರನೂ ಡಿ ಗ್ರೂಪ್ ರಾಮಣ್ಣನೂ ಸೇರಿ ಚನ್ನರಾಯಪ್ಪನೋರನ್ನ ಪಕ್ಕಕ್ಕೆ ತಿರುಗಿಸಿದ್ವಿ. ವಾಸನೆ ಮೊದಲು ಬಂತು. ಸೊಂಟದ ಕೆಳಗೆ ಪೌಡರ್ ಮೆತ್ತಿತ್ತು, ಪೌಡರ್ ಕೆಳಗೆ ಚರ್ಮ ಕಪ್ಪಗಾಗಿ ಕಿತ್ತು ಬಂದಿತ್ತು. ಹಾಸಿಗೆ ಹುಣ್ಣು, ಅಂಗೈ ಅಗಲ. ಸಂಜೆ ಬಟ್ಟೆ ಬದಲಾಯಿಸೋ ಮಗ ಅದನ್ನ ಬೆವರುಸಾಲೆ ಅಂದ್ಕೊಂಡು ಪೌಡರ್ ಹಾಕ್ತಾ ಬಂದಿದ್ದನಂತೆ. ಬೆಳಗ್ಗೆ ಕ್ಲೀನ್ ಮಾಡೋ ರಾಮಣ್ಣನೂ ಪೌಡರ್ ನೋಡಿ ಸುಮ್ಮನಾಗಿದ್ದ. ಪವಿತ್ರ ಕೈಲಿದ್ದ ಹಸಿರು ಶೀಟು ಕೆಳಗೆ ಬಿತ್ತು.

ಆ ಹೊತ್ತಿಗೇ ಡಾಕ್ಟ್ರು ಸುಕ್ಕು ನೋಡೋಕೆ ಬಂದ್ರು. ನೋಡಿದ್ದು ಹುಣ್ಣು. "ಈ ಬೆಡ್ ಯಾರು ನೋಡ್ಕೋತಿದ್ದಿದ್ದು?" ಅಂದ್ರು. ಪವಿತ್ರ "ನಾನೇ ಸರ್" ಅಂದ್ಲು. ಮಧ್ಯಾಹ್ನದ ಪಾಳಿಯೋರು, ರಾತ್ರಿ ಪಾಳಿಯೋರು, ಒಂದ್ಸಲಾನೂ ಬೆನ್ನು ನೋಡದೇ ರೌಂಡ್ಸ್ ಮಾಡಿದ ಡಾಕ್ಟ್ರು, ಯಾರ ಹೆಸರೂ ಬರಲಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಮೇಲಿನೋರು ಬಂದು ಹೋದ ಮಾರನೇ ದಿನ ಪವಿತ್ರಗೆ ಮೆಮೋ ಬಂತು, ಯಾಕೆ ನಿಮ್ಮನ್ನ ಕೆಲಸದಿಂದ ತೆಗೀಬಾರದು ಅಂತ. ಕಾಂಟ್ರ್ಯಾಕ್ಟ್ ಮುಂದುವರಿಸೋ ಕಾಲ ಬೇರೆ ಹತ್ರ ಬಂದಿತ್ತು.

ನನಗೆ ತಡೆಯೋಕಾಗದಷ್ಟು ಸಿಟ್ಟು ಬಂದದ್ದು ಆ ಸೊಸೆ ಮೇಲೆ. ಹೊರಗೆ ನಲ್ಲಿ ಹತ್ರ ಪಾತ್ರೆ ತೊಳೀತಿದ್ಲು. ಹೋಗಿ ನಿಂತು, "ಯಾಕಮ್ಮ, ದಿನಾ ಕೇಳಿದ್ರೆ ಹೂಂ ಹೂಂ ಅಂತಿದ್ದೆಯಲ್ಲ, ಒಂದಿನಾನಾದ್ರೂ ತಿರುಗಿಸಿದ್ಯಾ?" ಅಂದೆ.

ಪಾತ್ರೆ ಕೆಳಗಿಟ್ಲು. ತಲೆ ಎತ್ತಲಿಲ್ಲ. "ಹೆಂಗೆ ತಿರುಗಿಸ್ಲಿ ಸಿಸ್ಟರ್? ಮಾವ ಅಲ್ವಾ?"

"ಮಾವ ಆದ್ರೆ?"

"ಮದ್ವೆ ಆಗಿ ಬಂದಾಗಿಂದ ಕಾಲು ಮುಟ್ಟಿ ನಮಸ್ಕಾರ ಮಾಡಿರೋದು ಬಿಟ್ರೆ ಅವ್ರ ಮೈ ಮುಟ್ಟಿಲ್ಲ. ಅವ್ರು ಒಳಕ್ಕೆ ಬಂದ್ರೆ ನಾನು ಅಡಿಗೆ ಮನೆಗೆ ಹೋಗ್ತೀನಿ. ಅಂಥಾದ್ರಲ್ಲಿ ಪಂಚೆ ಜಾರಿರುತ್ತೆ, ಸೊಂಟ ಹಿಡ್ದು ತಿರುಗಿಸು ಅಂತೀರಾ. ನಾನು ಹತ್ರ ಹೋದ್ರೆ ಅವ್ರೇ ಕಣ್ಣು ಮುಚ್ಕೊಂಡ್ಬಿಡ್ತಾರೆ. ಬೇಡ ಬೇಡ ಅಂತ ಎಡಗೈ ಆಡಿಸ್ತಾರೆ."

"ಹಂಗಂತ ನಮಗೆ ಹೇಳೋಕೆ ಏನಾಗಿತ್ತು? ಹೂಂ ಯಾಕಂದೆ?"

ಆಗ ತಲೆ ಎತ್ತಿದ್ಲು. ಕಣ್ಣು ತುಂಬಿತ್ತು, ಆದ್ರೆ ದನಿ ಗಟ್ಟಿ ಇತ್ತು. "ಅವ್ರ ತಲೆದೆಸೇಲಿ ನಿಂತ್ಕೊಂಡೇ ಕೇಳ್ತಿದ್ರಲ್ಲ ಸಿಸ್ಟರ್ ನೀವು. ಅವ್ರ ಎದುರಿಗೆ ಇಲ್ಲ ಅಂದ್ರೆ ಸೊಸೆ ನೋಡ್ಕೊಳ್ತಿಲ್ಲ ಅಂತ ಆಗುತ್ತೆ. ಮುಟ್ಟೋಕೆ ನಾಚಿಕೆ ಅಂದ್ರೆ ಅವ್ರಿಗೆ ಎಷ್ಟು ಅವಮಾನ. ಇಡೀ ವಾರ್ಡ್ ಕೇಳಿಸ್ಕೊಳ್ಳುತ್ತೆ. ಹೂಂ ಅನ್ನದೆ ಇನ್ನೇನನ್ಲಿ?"

ನನ್ನ ಸಿಟ್ಟು ಎಲ್ಲಿ ಹೋಯ್ತೋ ಗೊತ್ತಿಲ್ಲ. ಈ ಹೆಂಗಸು ಪಿಯುಸಿ ಓದಿದೋಳು, ಫೋನಲ್ಲಿ ರೀಲ್ಸ್ ನೋಡೋಳು, ಗಂಡನ ಗಾಡಿ ತಾನೇ ಓಡಿಸ್ಕೊಂಡು ಹೊಸಕೋಟೆ ತನಕ ಹೋಗಿ ಬರೋಳು. ಅವಳಿಗೆ ಮಾವನ ಮೈ ಮುಟ್ಟೋಕಾಗಲ್ಲ. ಇದು ನಮ್ಮೂರ ಕಡೆ ಎಲ್ಲರಿಗೂ ಗೊತ್ತಿರೋ ವಿಷಯ. ನಾನೇ ನಮ್ಮ ಮಾವನೋರ ಎದುರಿಗೆ ಒಂದಿನ ಕುರ್ಚಿ ಮೇಲೆ ಕೂತೋಳಲ್ಲ. ಮನೇಲಿ ಸೀರೆ ಉಟ್ಟಾಗ ಗೊತ್ತಿರೋದು, ಬಿಳಿ ಕೋಟು ಹಾಕ್ಕೊಂಡ ತಕ್ಷಣ ಮರೆತು ಹೋಗುತ್ತೆ. ನಮ್ಮ ಕಣ್ಣಿಗೆ ಅವಳು ಸೊಸೆಯಾಗಿ ಕಾಣಲಿಲ್ಲ, ಅಟೆಂಡರ್ ಆಗಿ ಕಂಡ್ಲು.

ಒಳಗೆ ಬಂದು ಪವಿತ್ರಗೆ ಹೇಳಿದೆ. ಅವಳು "ಮೇಡಂ, ಮುಟ್ಟದೇ ತಿರುಗಿಸಬಹುದಲ್ಲ?" ಅಂದ್ಲು. ಅಡ್ಡಶೀಟು. ಫಿಲೋಮಿನಾ ಮೇಡಂ ಕಾಲದ್ದು, ಅವಳ ಕಾಲೇಜಲ್ಲೂ ಕಲಿಸಿದ್ದೇ. ಇಬ್ಬರಿಗೂ ಗೊತ್ತಿತ್ತು. ಎರಡು ಜೊತೆ ಕೈ ಬೇಕಾದ ಕೆಲಸ ಅಂತ ಇಬ್ಬರೂ ಮೂಲೆಗೆ ಹಾಕಿದ್ವಿ.

ಪವಿತ್ರ ಆ ಹಸಿರು ಶೀಟನ್ನೇ ಮಡಿಸಿ ಯಜಮಾನ್ರ ಕೆಳಗೆ ಹಾಸಿದ್ಲು. ಪಂಚೆ ಸರಿ ಮಾಡಿ, ಮೇಲೊಂದು ಹೊದಿಕೆ ಹಾಕಿ, ಮಂಜುಳಾನ ಆ ಕಡೆ ನಿಲ್ಲಿಸಿದ್ಲು. "ನೀವು ಶೀಟು ಹಿಡ್ಕೊಳ್ಳಿ ಸಾಕು. ಮಾವನ್ನ ಮುಟ್ಟಬೇಡಿ. ನಾನು ಒಂದು ಎರಡು ಅಂತೀನಿ, ಎರಡು ಅಂದಾಗ ನಿಮ್ಮ ಕಡೆಗೆ ಎಳೀರಿ." ಚನ್ನರಾಯಪ್ಪ ಎಂದಿನ ಹಾಗೆ ಕಣ್ಣು ಮುಚ್ಕೊಂಡ್ರು. ಎಳೆದ್ರು. ಅಷ್ಟು ದೊಡ್ಡ ದೇಹ ಮೆಲ್ಲಗೆ ಮಗ್ಗುಲಾಯ್ತು. ಬೆನ್ನಿಗೆ ದಿಂಬು ಕೊಟ್ವಿ. ಗಾಳಿ ಆಡಿದ್ದಕ್ಕೋ ಏನೋ, ಯಜಮಾನ್ರು ಉಸ್ಸಪ್ಪಾ ಅಂತ ಉಸಿರು ಬಿಟ್ರು. ನಾನು ಅವರ ಬಾಯಿಂದ ಕೇಳಿದ ಮೊದಲನೇ ಸ್ಪಷ್ಟ ಮಾತು ಅದು.

ಆಮೇಲೆ ದಿನಾ ಪವಿತ್ರ ಈ ಕಡೆ, ಮಂಜುಳಾ ಆ ಕಡೆ. ಪವಿತ್ರ ಸಿಗದಿದ್ರೆ ನಾನು, ನಾನೂ ಸಿಗದಿದ್ರೆ ಪಕ್ಕದ ಮಂಚದ ಹುಡುಗನ ತಾಯಿ. ಹುಣ್ಣಿಗೆ ದಿನಾ ಡ್ರೆಸ್ಸಿಂಗ್. ಒಂದಿನ ಹೊತ್ತು ಮೀರಿದ್ರೂ ನಾವ್ಯಾರೂ ಹೋಗಿರ್ಲಿಲ್ಲ. ಚನ್ನರಾಯಪ್ಪನೇ ಕಾಲ್ದೆಸೆ ಕಡೆ ನೋಡಿ, ನಾಲಿಗೆ ತಿರುಗದೇ ತೊದಲ್ತಾ, "ಎಳಿ ಮಗಾ" ಅಂದ್ರು. ಸೊಸೆ ಎದ್ದು ಓಡಿ ಬಂದ್ಲು. ಕಣ್ಣು ತೆರೆದೇ ಇತ್ತು ಆ ಸಲ ಅವರದು.

ಆದ್ರೆ ಮೆಮೋ ಹಾಗೇ ಇತ್ತಲ್ಲ. ವಿಚಾರಣೆಗೆ ಕರೆದ್ರು. ಹಿಂದಿನ ದಿನ ನಾನು ಪವಿತ್ರಗೆ ಚೆನ್ನಾಗಿ ಪಾಠ ಹೇಳಿದ್ದೆ. "ನೋಡೇ, ಅಟೆಂಡರ್ ಹೂಂ ಅಂದಿದ್ಲು, ಅದಕ್ಕೇ ನಂಬಿದೆ ಅಂತ ಹೇಳು. ಸುಳ್ಳಲ್ಲ ತಾನೆ. ನಾನೂ ಸಾಕ್ಷಿ ಹೇಳ್ತೀನಿ. ಕೆಲಸ ಉಳಿಯುತ್ತೆ."

"ಹೇಳಿದ್ರೆ ಅವಳನ್ನ ಕರೆಸ್ತಾರೆ ಮೇಡಂ. ಗಂಡನ ಎದುರಿಗೆ ಯಾಕೆ ಸುಳ್ಳು ಹೇಳಿದೆ ಅಂತಾರೆ."

"ಕರೆಸ್ಲಿ ಬಿಡು. ಅವಳಿಗೇನು ಕೆಲಸ ಹೋಗುತ್ತಾ?"

"ಮಗ್ಗುಲು ತಿರುಗಿಸೋದು ಅವಳ ಕೆಲಸ ಯಾವತ್ತಾಯ್ತು ಮೇಡಂ? ಅವಳಿಗೆ ಯಾರು ಸಂಬಳ ಕೊಡ್ತಿದ್ರು?" ಅಂದ್ಲು. ಬಾಯಾಳಿ ಅಂದೆನಲ್ಲ. ಅದಕ್ಕೇ ರೇಗಿ, "ಏನಾದ್ರೂ ಮಾಡ್ಕೋ ಹೋಗು" ಅಂದೆ.

ಡಾಕ್ಟ್ರ ರೂಮಲ್ಲಿ ವಿಚಾರಣೆ. ಮೇಲಿನ ಆಫೀಸಿನಿಂದ ಒಬ್ರು ಬಂದು ಕೂತಿದ್ರು. ನಾನು ಹೇಳೋದೆಲ್ಲ ಹೇಳಿದೆ. ಒಬ್ಬಳೇ ಸಿಸ್ಟರ್, ವಾರ್ಡ್ ತುಂಬ ಜನ, ಜೊತೆಗೆ ವಿಸಿಟ್ ತಯಾರಿ, ಎಲ್ಲಾ. ಡಾಕ್ಟ್ರು ಕನ್ನಡಕ ತೆಗೆದು, "ಗೌರಮ್ಮ, ಅದೆಲ್ಲ ಸರಿ. ಮಗ್ಗುಲು ತಿರುಗಿಸೋಕೆ ಎಷ್ಟೊತ್ತು ಬೇಕ್ರಿ? ಐದು ನಿಮಿಷ" ಅಂದ್ರು.

"ಹೌದು ಸರ್. ಇಬ್ಬರಿದ್ರೆ ಐದೇ ನಿಮಿಷ. ಒಬ್ಬಳೇ ಇದ್ರೆ ದಿನವೆಲ್ಲ ನಿಂತ್ರೂ ಆಗಲ್ಲ. ಬೇಕಾದ್ರೆ ಬನ್ನಿ, ಚನ್ನರಾಯಪ್ಪ ಅಲ್ಲೇ ಮಲಗಿದಾರೆ, ನೀವೊಬ್ರೇ ತಿರುಗಿಸಿ ತೋರ್ಸಿ."

ಬಂದಿದ್ದ ಆಫೀಸರು ಕೆಮ್ಮಿದ್ರು. "ಅಟೆಂಡರ್ ಇದ್ರಲ್ಲಮ್ಮ? ಅವರಿಗೆ ಹೇಳಬಹುದಿತ್ತಲ್ಲ?" ಅಂತ ಪವಿತ್ರನ ಕೇಳಿದ್ರು.

ಪೇಷಂಟ್ ಕಡೆಯೋರೂ ಇರ್ಲಿ ಅಂತ ಬರಹೇಳಿದ್ರಿಂದ ಬಾಗಿಲಾಚೆ ಬೆಂಚಿನ ಮೇಲೆ ನಾಗರಾಜ ಕೂತಿದ್ದ, ಪಕ್ಕದಲ್ಲಿ ಮಂಜುಳಾ ನಿಂತಿದ್ಲು. ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬಿಡ್ತಿದ್ಲು. ಪವಿತ್ರ ಒಂದ್ಸಲ ಆ ಕಡೆ ನೋಡಿದ್ಲು. "ಅವರು ಸೊಸೆ ಸರ್. ಅವರಿಗೆ ಹೇಳಿ ನಾನು ಮುಂದೆ ಹೋದದ್ದೇ ತಪ್ಪು. ಅದು ನನ್ನ ಕೆಲಸ" ಅಂದ್ಲು.

ಮುಗೀತು. ಆಫೀಸರಿಗೆ ಬೇಕಾಗಿದ್ದ ಮಾತು ಸಿಕ್ತು, ಬರ್ಕೊಂಡ್ರು. ಪೆದ್ದುಮುಂಡೇದು ಅಂತ ಮನಸ್ಸಲ್ಲೇ ಬೈದೆ.

ಚನ್ನರಾಯಪ್ಪ ಮನೆಗೆ ಹೋಗೋ ಹೊತ್ತಿಗೆ ಹುಣ್ಣಿನ ಅಂಚಲ್ಲಿ ಹೊಸ ಚರ್ಮ ಕಾಣಿಸ್ಕೊಂಡಿತ್ತು. ಅವರು ಹೋದ ಸ್ವಲ್ಪ ದಿನಕ್ಕೆ ಕಾಂಟ್ರ್ಯಾಕ್ಟ್ ಮುಂದುವರಿಸೋರ ಪಟ್ಟಿ ಬಂತು, ಪವಿತ್ರ ಹೆಸರು ಇರ್ಲಿಲ್ಲ. ಅಳಲಿಲ್ಲ ಅವಳು. ಟಿಫನ್ ಡಬ್ಬಿ, ಚಪ್ಪಲಿ, ಒಂದು ಸ್ವೆಟರು ಚೀಲಕ್ಕೆ ಹಾಕ್ಕೊಂಡು, "ಬರ್ತೀನಿ ಮೇಡಂ" ಅಂದ್ಲು. ನಾನು ಡಾಕ್ಟ್ರ ಹತ್ರ ಹೋಗಿ ಜಗಳ ಆಡಿದೆ. "ನನ್ನ ಕೈಲೇನಿದೆ ಗೌರಮ್ಮ, ಮೇಲಿಂದ ಬಂದದ್ದು" ಅಂದ್ರು. ಮೇಲೆ ಮೇಲೆ ಅಂತಾರಲ್ಲ, ಅಷ್ಟು ಮೇಲೆ ಯಾರಿದಾರೋ ನಾನಂತೂ ಕಂಡಿಲ್ಲ.

ಆಮೇಲೆ ಮಾಡಿದ್ದೇನು ಗೊತ್ತಾ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರು. ಪವಿತ್ರ ಜಾಗಕ್ಕೆ ಒಬ್ಬಳೇ ಇನ್ನೊಬ್ಬ ಹುಡುಗಿ ಬಂದ್ಲು. ಗೋಡೆಗೆ ಒಂದು ಬೋರ್ಡ್ ಬಂತು. ದಪ್ಪ ಅಕ್ಷರದಲ್ಲಿ: ರೋಗಿಯ ಮಗ್ಗುಲು ಬದಲಾಯಿಸುವುದು ಜೊತೆಯಲ್ಲಿರುವವರ ಜವಾಬ್ದಾರಿ. ಒಬ್ಬ ಸಿಸ್ಟರನ್ನ ಹೆಚ್ಚಿಗೆ ಕೊಡಿ ಅಂದ್ರೆ ಬೋರ್ಡ್ ಕೊಟ್ರು. ಬೋರ್ಡಿಗೆ ರಜಾ ಬೇಡ, ಪಿಂಚಣಿ ಬೇಡ. ನನಗೆ ಆ ಗೋಡೆ ಕಡೆ ನೋಡಿದಾಗೆಲ್ಲ ಮೈ ಉರೀತಿತ್ತು.

ನನ್ನ ಸರ್ವೀಸಿನ ಕೊನೇ ವಾರ. ಬೆಳಗಿನ ರೌಂಡ್ಸ್ ಮುಗಿದಿತ್ತು. ಮಂಜುಳಾ ಬಂದ್ಲು, ಕೈಲಿ ಒಂದು ಗೋಣಿ ಚೀಲ, ಅದರ ತುಂಬ ಚಕ್ಕೋತ. ನನ್ನ ನೋಡಿ ನಕ್ಕು, "ನಮ್ಮ ಹಿತ್ತಲ ಮರದ್ದು ಸಿಸ್ಟರ್. ಮಾವ ಕಳಿಸಿದ್ರು" ಅಂದ್ಲು.

"ಹೆಂಗಿದಾರಮ್ಮ?"

"ಕೋಲು ಹಿಡ್ಕೊಂಡು ಜಗಲಿ ತಂಕ ಬರ್ತಾರೆ. ಗಾಯ ಮಾಗ್ತಾ ಬಂದೈತೆ. ಮಧ್ಯಾಹ್ನ ಮಲಗಿದಾಗ ಮಾತ್ರ ಎಳಿ ಮಗಾ ಅಂತ ಇನ್ನೂ ಕೂಗ್ತಾರೆ. ಅವ್ರೇ ತಿರುಗ್ಬೋದು, ಆದ್ರೂ ಕೂಗ್ತಾರೆ." ವಾರ್ಡಲ್ಲಿ ಒಂದು ಸುತ್ತು ಕಣ್ಣಾಡಿಸಿದ್ಲು. "ಪವಿತ್ರ ಸಿಸ್ಟರ್ ಎಲ್ಲಿ? ಅವ್ರ ಕೈಗೇ ಕೊಟ್ಟು ಬಾ ಅಂದಿದಾರೆ."

"ಅವಳು ಇಲ್ಲಿಲ್ಲಮ್ಮ ಈಗ."

"ರಜಾನಾ?"

"ಕೆಲಸದಲ್ಲೇ ಇಲ್ಲ. ಬೆಂಗಳೂರಲ್ಲಿ ಯಾವುದೋ ಲ್ಯಾಬಲ್ಲಿ ಬಿಲ್ಲಿಂಗ್ ಕೌಂಟರಲ್ಲಿ ಕೂತಿದಾಳೆ."

ನಗು ನಿಂತೋಯ್ತು. "ನನ್ನಿಂದಾನಾ ಸಿಸ್ಟರ್?"

ನಿನ್ನಿಂದ ಅಲ್ಲಮ್ಮ ಅಂದೆ. ಯಾರಿಂದ ಅಂತ ಯಾರ ಹೆಸರು ಹೇಳ್ಲಿ? ಅಷ್ಟರಲ್ಲಿ ಚನ್ನರಾಯಪ್ಪ ಮಲಗಿದ್ದ ಅದೇ ಮಂಚದಿಂದ ಯಾರೋ ನರಳಿದ್ರು. ಮಾಕಳಿದುರ್ಗದ ಕಡೆಯ ಒಬ್ಬ ಯಜಮಾನ್ರು, ಸೊಂಟದ ಮೂಳೆ ಮುರಿದು ಬಂದಿದ್ರು. ಅವರ ಜೊತೆ ಇದ್ದ ಅಳಿಯ ಕಾಫಿ ಕುಡಿಯೋಕೆ ಹೋಗಿದ್ದ. ತಲೆ ಮೇಲೆ ಆ ಬೋರ್ಡು. ನಾನು ಹೋಗಿ ಬೆನ್ನಿನ ಕೆಳಗೆ ಕೈ ತೂರಿಸಿದೆ. ಬಿಸಿ ಇತ್ತು, ಒದ್ದೆ ಇತ್ತು.

ಹೊಸ ಸಿಸ್ಟರನ್ನ ಕೂಗಿದೆ. ಆ ಮೂಲೇಲಿ ಒಬ್ಬ ಹುಡುಗನ ಕೈಲಿ ನರ ಹುಡುಕ್ತಾ ಇದ್ಲು. "ಬಂದೆ ಮೇಡಂ, ಎರಡು ನಿಮಿಷ" ಅಂದ್ಲು. ಆ ಎರಡು ನಿಮಿಷ ನನಗೆ ಗೊತ್ತು. ಜೀವಮಾನವೆಲ್ಲ ನಾನೂ ಅದನ್ನೇ ಹೇಳಿದೀನಿ.

ತಿರುಗಿ ನೋಡ್ತೀನಿ, ಮಂಜುಳಾ ಚಕ್ಕೋತದ ಚೀಲ ಸ್ಟೂಲ್ ಮೇಲಿಟ್ಟಿದ್ಲು. ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಮಂಚದ ಆ ಕಡೆ ಹೋಗಿ ನಿಂತಿದ್ಲು. ನಾನು ಕರೆದಿರ್ಲಿಲ್ಲ. ಯಜಮಾನ್ರ ಕೆಳಗಿದ್ದ ಅಡ್ಡಶೀಟಿನ ತುದಿ ಮುಷ್ಟೀಲಿ ಸುತ್ಕೊಂಡಿದ್ಲು, ಪವಿತ್ರ ಹೇಳಿಕೊಟ್ಟ ಹಾಗೇ.

"ನೀನ್ಯಾರಮ್ಮ?" ಅಂದ್ರು ಯಜಮಾನ್ರು.

"ಕಣ್ಣು ಮುಚ್ಕೊಳ್ಳಿ ಯಜಮಾನ್ರೇ, ಎಳೀತೀವಿ" ಅಂದ್ಲು. ಒಂದು, ಎರಡು ಅಂತ ಅವಳೇ ಎಣಿಸಿದ್ಲು.

ಎಳೆದ್ವಿ. ದಿಂಬು ಕೊಟ್ವಿ. ಕೈ ಒರೆಸ್ಕೊಳ್ತಾ ಅವಳು ಪಕ್ಕದ ಮಂಚ ನೋಡಿದ್ಲು, ಅದರ ಪಕ್ಕದ್ದು ನೋಡಿದ್ಲು. "ಇವ್ರನ್ನೂ ತಿರುಗಿಸ್ಬೇಕಾ ಸಿಸ್ಟರ್?" ಅಂದ್ಲು.

ಬೇಕು ಅಂದೆ.